ಗಟ್ಟಿಮೇಳಕ್ಕೆ ಮುಂಚಿನ ಮಾತು

ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಎಡಕ್ಕೆ ವಾಲಿತ್ತು. ಹುಡುಗರಾಗಿದ್ದಾಗ ಯಾವುದೋ ಬಾಗಿಲ ಸಂದಿಗೆ ಸಿಕ್ಕಿ ಮುರಿದು, ಹೇಗೆ ಕೂಡಿಕೊಂಡಿತೋ ಹಾಗೇ ಉಳಿದುಬಿಟ್ಟ ಬೆರಳು. ಮದುವೆ ಮಂಟಪದ ಪಕ್ಕದಲ್ಲಿ ಆ ಸೊಟ್ಟ ಬೆರಳು ಮೇಲೆದ್ದರೆ ವಾಲಗದವರು ಮಾತು ನಿಲ್ಲಿಸಿ ನೆಟ್ಟಗೆ ಕೂರುತ್ತಿದ್ದರು. ಬೆರಳು ಗಾಳಿಯಲ್ಲಿ ಒಂದು ಸುತ್ತು ಬಂದು, ಅದರ ಹಿಂದೆಯೇ ಹೊಟ್ಟೆಯ ಆಳದಿಂದ 'ಗಟ್ಟಿಮೇಳ, ಗಟ್ಟಿಮೇಳ' ಎಂಬ ಕೂಗು ಹೊರಟಿತೆಂದರೆ ಡೋಲು, ನಾದಸ್ವರ ಒಟ್ಟಿಗೇ ಮೊರೆಯುತ್ತಿದ್ದವು. ಅಕ್ಷತೆ ಹಾರುತ್ತಿತ್ತು, ತಾಳಿ ಕಟ್ಟಿ ಮುಗಿಯುತ್ತಿತ್ತು.

ಅವರು ನಮ್ಮ ಮನೆ ಓನರ್. ಆರ್‌ಪಿಸಿ ಲೇಔಟಿನಲ್ಲಿ ಅವರು ಕೆಳಗೆ, ನಾವು ಮೇಲೆ ಬಾಡಿಗೆಗೆ. ನನ್ನ ಅಮ್ಮ ಅಪ್ಪನಿಗೆ ಅವರು 'ಓನರ್ರು', ನನಗೆ 'ಓನರ್ ಅಂಕಲ್', ಸೊಪ್ಪು ಮಾರುವವಳಿಗೂ 'ಓನರ್ ಸಾರು'. ಸರ್ಕಾರಿ ಕಚೇರಿಯೊಂದರಲ್ಲಿ ಇಡೀ ಆಯಸ್ಸು ಕಳೆದು ನಿವೃತ್ತರಾಗಿದ್ದರು. ಒಳ್ಳೆಯವರೇ, ಆದರೆ ಓನರ್ ಎಂದ ಮೇಲೆ ಓನರ್ರೇ. ಬಟ್ಟೆ ಒಣಹಾಕುವ ತಂತಿಗೂ ಅವರದೊಂದು ಕಾನೂನಿತ್ತು. ಗೇಟಿನ ಚಿಲಕ ಹಾಕದೆ ಹೋದವರನ್ನು ರಸ್ತೆ ತಿರುವಿನಿಂದ ವಾಪಸ್ ಕರೆಸಿ ಹಾಕಿಸುತ್ತಿದ್ದರು. "ಮೋಟರ್ ಆಫ್ ಮಾಡ್ರೀ, ಟ್ಯಾಂಕ್ ತುಂಬಿ ಹರೀತಾ ಇದೆ" ಎಂದು ಅವರು ಕೆಳಗಿನಿಂದ ಕೂಗಿದರೆ ಹಿಂದಿನ ಬೀದಿಯವರೂ ಎದ್ದು ಹೋಗಿ ತಮ್ಮ ಮೋಟರ್ ಆರಿಸುತ್ತಿದ್ದರು. ಆ ದನಿಯನ್ನು ಸಹಿಸಿಕೊಂಡು ಇಡೀ ಬಡಾವಣೆ ಬದುಕಿತ್ತು, ಯಾಕೆಂದರೆ ಮದುವೆ ಬಂದರೆ ಎಲ್ಲರಿಗೂ ಅದೇ ದನಿ ಬೇಕಾಗುತ್ತಿತ್ತು. ಮಾರೇನಹಳ್ಳಿಯಿಂದ ಕುರುಬರಹಳ್ಳಿಯವರೆಗೆ, ಗೊತ್ತಿದ್ದವರ ಮನೆಯ ಮದುವೆ ಎಂದರೆ ಇವರು ಬಿಳಿ ಪಂಚೆ ಉಟ್ಟು, ಮಂಟಪದಲ್ಲಿ ಹೆಣ್ಣಿನ ಕಡೆಯ ಕಂಬಕ್ಕೆ ಒರಗಿ ನಿಂತಿರಲೇಬೇಕು. ಫೋಟೋದವರು ಒಮ್ಮೆ "ಅಂಕಲ್, ಆ್ಯಂಗಲ್ ಸಿಗ್ಲಿಲ್ಲ, ಇನ್ನೊಂದ್ಸಲ ಕೂಗಿ" ಎಂದಿದ್ದಕ್ಕೆ, "ತಾಳಿಗೆ ರೀಟೇಕ್ ಇದ್ರೆ ಹೇಳಪ್ಪ, ಕೂಗ್ತೀನಿ" ಎಂದಿದ್ದರು.

ಆ ಪದದ ಮೇಲೆ ಅವರಿಗೆ ವಿಪರೀತ ಮೋಹ. ಸುಮ್ಮನೆ ಮೆಟ್ಟಿಲಿಳಿದು ಹೋಗುತ್ತಿದ್ದರೂ ಹಿಡಿದು ನಿಲ್ಲಿಸಿ ಪಾಠ ಶುರುಮಾಡುತ್ತಿದ್ದರು. "ಗಟ್ಟಿ ಅನ್ನೋದು ನಮ್ಮದೇ ಮಾತು ಕಣಮ್ಮ. ಗಟ್ಟಿ ಮೊಸರು, ಗಟ್ಟಿ ಆಳು, ಗಟ್ಟಿ ದನಿ. ಮೇಳ ಇದ್ಯಲ್ಲ, ಅದು ಸಂಸ್ಕೃತದ ಕಡೆ ನೆಂಟ. ಮಿಲನ ಅಂತೀವಲ್ಲ, ಅದರ ಮನೆತನ. ಕೂಡೋದು, ಸೇರೋದು. ಇವೆರಡಕ್ಕೂ ಮದುವೆ ಮಾಡಿಸಿ ಮಂಟಪಕ್ಕೆ ತಂದು ಕೂರಿಸಿದೀವಿ ನೋಡು." ಶ್ರೀರಾಮಪುರದ ತಮಿಳರ ಮದುವೆಗೆ ಹೋದರೆ 'ಕೆಟ್ಟಿಮೇಳಂ' ಎನ್ನುತ್ತಾರೆ, ಅಲ್ಲಿಗೂ ಇಲ್ಲಿಗೂ ಒಂದೇ ಮಾತು ಓಡಾಡಿದೆ ಎಂದು ಬೇರೆ ಹೇಳುವರು. ಎದುರು ಮನೆಗೆ ಹಾವೇರಿ ಕಡೆಯಿಂದ ಬಂದಿದ್ದ ಆಂಟಿ ಮಾತ್ರ ಅವರನ್ನು ಕೆಣಕುತ್ತಿದ್ದರು. "ನಮ್ಮ ಕಡೆ ಹಿಂಗ ಯಾರೂ ಒದರೂದಿಲ್ರಿ. ಅಕ್ಕಿಕಾಳು ಹಾಕ್ರಿ ಅಂತಾರ, ವಾಜಂತ್ರಿಯವರು ತಾವ ಬಾರಿಸ್ತಾರ." "ಹಾಗಾದ್ರೆ ನಿಮ್ಮೂರಲ್ಲಿ ನಂಗೆ ಊಟ ಹುಟ್ಟಲ್ಲ ಅನ್ನಿ" ಎಂದು ಇವರು ನಗುತ್ತಿದ್ದರು.

ಗಟ್ಟಿಮೇಳ ಯಾಕೆ ಬೇಕು ಎಂದು ಕೇಳಿದರೆ ದನಿ ತಗ್ಗಿಸುತ್ತಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ ಕೆಟ್ಟ ಸದ್ದು ಕಿವಿಗೆ ಬೀಳಬಾರದು. ಯಾರೋ ಸೀನುತ್ತಾರೆ, ಹಲ್ಲಿ ಲೊಚಗುಟ್ಟುತ್ತದೆ, ಮಗು ಅಳುತ್ತದೆ, ಮೂಲೆಯಲ್ಲೊಬ್ಬ ಫೋನ್ ಹಿಡಿದು ಯಾರದೋ ಸಾವಿನ ಸುದ್ದಿ ಮಾತಾಡುತ್ತಿರುತ್ತಾನೆ. ಅಷ್ಟನ್ನೂ ಮುಚ್ಚಿಹಾಕುವುದಕ್ಕೆ ಈ ಸದ್ದು. ಇದು ಎಲ್ಲರೂ ಹೇಳುವ ಕಾರಣವೇ. ಈಗಂತೂ ಮದುವೆಗೇ ಆ ಹೆಸರು ಬಂದುಬಿಟ್ಟಿದೆ. "ಏನಮ್ಮಾ, ನಿಮ್ಮನೇಲಿ ಗಟ್ಟಿಮೇಳ ಯಾವಾಗ?" ಎಂದು ಕೇಳಿ ಕೇಳಿ ಬೀದಿಯ ಹೆಂಗಸರು ನನ್ನ ತಲೆ ತಿಂದಿದ್ದರು.

ಅವರದೊಂದು ವಿಚಿತ್ರ ಅಭ್ಯಾಸವಿತ್ತು. ಬೆರಳೆತ್ತುವ ಮುಂಚೆ ಮದುಮಗಳ ಕಡೆಗೆ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಕೇಳುತ್ತಿದ್ದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಕೂಗು. ನೀರು ಬೇಕಾ ಎಂದು ಕೇಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. "ಪಾಪ, ಓನರ್ರಿಗೆ ಹೆಣ್ಣುಮಕ್ಕಳಿಲ್ಲ, ಅದಕ್ಕೇ ಅಷ್ಟು ಕಾಳಜಿ" ಎಂದು ನನ್ನ ಅಮ್ಮ ವ್ಯಾಖ್ಯಾನ ಕೊಟ್ಟಿದ್ದಳು.

ಕಾಲೇಜಿನ ಕೊನೆಯ ವರ್ಷದಲ್ಲಿ ನಾನು ಅವರ ಮನೆಯ ಮೆಟ್ಟಿಲ ಮೇಲೇ ಫಿಟ್ಸ್ ಬಂದು ಬಿದ್ದೆ. ಅದೇ ಮೊದಲು. ಕಣ್ಣು ಬಿಟ್ಟಾಗ ಆಟೋದಲ್ಲಿದ್ದೆ. ಕೈಯಲ್ಲಿ ಅವರ ಮನೆಯ ಬೀಗದ ಕೈಗಳ ಗೊಂಚಲು ಇತ್ತು, ಅದರ ಮೇಲೆ ಅವರ ಮುಷ್ಟಿ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ನಂಬಿದ್ದವರು. ಅದರಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಬೈದಾಗ ಶಾಲೆ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ದಿನಾ ಮಾತ್ರೆ ತೆಗೆದುಕೊಂಡರೆ ಹತೋಟಿಯಲ್ಲಿರುತ್ತದೆ, ಓದಬಹುದು, ದುಡಿಯಬಹುದು, ಮದುವೆ ಆಗಬಹುದು, ಮಕ್ಕಳೂ ಆಗುತ್ತವೆ ಎಂದು ಡಾಕ್ಟರು ಹೇಳಿದರು. ಅಪ್ಪ ಅದರಲ್ಲಿ ಮದುವೆ ಎಂಬ ಒಂದು ಮಾತನ್ನು ಮಾತ್ರ ಕೇಳಿಸಿಕೊಂಡು, ಈ ವಿಷಯ ಬೀದಿಗೆ ಗೊತ್ತಾಗಬಾರದು ಎಂದು ಓನರ್ ಅಂಕಲ್ಲಿನ ಕೈ ಹಿಡಿದು ಕೇಳಿಕೊಂಡರು. ಅವರು ಯಾರಿಗೂ ಹೇಳಲಿಲ್ಲ.

ನನಗೆ ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕು, ಗಂಡು ನೋಡುವುದು ಶುರುವಾದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವರು ಜಗಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಕೂತು ಕೈ ಹಾಕಿದೆ. ಮಾತಿಗೆ ಮಾತು ಬಂದು, "ಅಲ್ಲ ಅಂಕಲ್, ಆ ಹೊತ್ತಲ್ಲಿ ಮದುಮಗಳಿಗೆ ನೀರು ಬೇಕಾ ಅಂತ ಕೇಳ್ತೀರಲ್ಲ, ಯಾರಾದ್ರೂ ಬೇಕು ಅಂದ್ರೆ ಏನ್ ಮಾಡ್ತೀರಾ?" ಎಂದು ರೇಗಿಸಿದೆ.

ಅವರು ಹಿಸುಕುವುದನ್ನು ನಿಲ್ಲಿಸಿದರು. "ನೀರಲ್ಲಮ್ಮ ನಾನ್ ಕೇಳೋದು. ಏನಾದ್ರೂ ಹೇಳಬೇಕಾ ಅಂತ ಕೇಳ್ತೀನಿ."

ಅವರಿಗೊಬ್ಬಳು ತಂಗಿ ಇದ್ದಳಂತೆ. ಅವಳ ಮದುವೆಯಲ್ಲೇ ಇವರು ಮೊದಲ ಸಲ ಗಟ್ಟಿಮೇಳ ಕೂಗಿದ್ದು. ಹರೆಯದ ಗಂಟಲು, ಒಬ್ಬಳೇ ತಂಗಿಯ ಮದುವೆ, ಛತ್ರದ ಹೆಂಚು ಹಾರುವಂತೆ ಕೂಗಿದ್ದಾರೆ. ಡೋಲು ಮೊರೆಯುವಾಗ ತಂಗಿ ಇವರ ಕಡೆ ತಿರುಗಿದಳು. ತುಟಿ ಅಲುಗಿತು. ಇವರಿಗೆ ಕೇಳಿಸಲಿಲ್ಲ. ಏನೋ ಸಂತೋಷಕ್ಕೆ ಅಂದಳು ಎಂದುಕೊಂಡು ನಕ್ಕು ತಲೆಯಾಡಿಸಿಬಿಟ್ಟರು.

"ಆಮೇಲೆ ಕೇಳ್ದೆ, ಏನು ಹೇಳಿದ್ದೆ ಅಂತ. ಏನೂ ಇಲ್ಲ ಬಿಡಣ್ಣ ಅಂದ್ಲು. ಆ ಮನೇಲಿ ಅವಳು ಒಂದು ದಿನ ನಕ್ಕಿದ್ದು ನಾನು ನೋಡ್ಲಿಲ್ಲ. ತೀರ್ಕೊಂಡೇಬಿಟ್ಲು. ಏನು ಹೇಳಿದ್ಲೋ, ನಂಗೆ ಇವತ್ತಿಗೂ ಗೊತ್ತಿಲ್ಲಮ್ಮ. ಕೆಟ್ಟ ಸದ್ದು ಮುಚ್ಚೋಕೆ ಅಂತ ಕೂಗ್ತೀವಲ್ಲ, ಅದ್ರಲ್ಲಿ ಅವಳ ಮಾತೂ ಮುಚ್ಚಿಹೋಯ್ತು. ಅದಕ್ಕೇ ಮೊದಲು ಕೇಳ್ತೀನಿ, ಆಮೇಲೆ ಕೂಗ್ತೀನಿ." ಇಷ್ಟು ಹೇಳಿ, ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ, "ಗೇಟಿನ ಚಿಲಕ ಹಾಕಿದೀಯಾ?" ಎಂದರು. ನನಗೆ ಅಳು ಬರುತ್ತಿತ್ತು, ಎದ್ದು ಹೋಗಿ ಚಿಲಕ ಹಾಕಿ ಬಂದೆ.

ಗಂಡು ಸಿಕ್ಕಿತು. ಬಸವೇಶ್ವರನಗರದ ಮನೆತನ, ಹುಡುಗ ಬ್ಯಾಂಕಿನಲ್ಲಿ. ನಾನು ಅಪ್ಪನಿಗೆ ಒಂದೇ ಮಾತು ಹೇಳಿದ್ದೆ, ಫಿಟ್ಸ್ ವಿಷಯ ಅವರಿಗೆ ಮೊದಲೇ ಹೇಳಬೇಕು, ಒಪ್ಪಿದರೆ ಮುಂದಿನದು. "ಎಲ್ಲಾ ಹೇಳಿದೀನಿ. ಅವರು ದೊಡ್ಡ ಮನಸ್ಸಿನೋರು" ಎಂದರು ಅಪ್ಪ. ನಾನು ಫೋನಿನಲ್ಲಿ ಹುಡುಗನನ್ನೂ ಕೇಳಿದ್ದೆ, "ಅಪ್ಪ ನಿಮಗೆ ಎಲ್ಲಾ ಹೇಳಿದ್ದಾರಲ್ವಾ?" "ಹೇಳಿದ್ದಾರೆ, ನಂಗೇನೂ ತೊಂದರೆ ಇಲ್ಲ" ಎಂದಿದ್ದ. ಅವನು ಹೇಳಿದ್ದು ಮದುವೆಯಾದ ಮೇಲೂ ನಾನು ಕೆಲಸ ಬಿಡುವುದಿಲ್ಲ ಎಂಬ ವಿಷಯಕ್ಕೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾಗಿದ್ದು ಮದುವೆಯ ಬೆಳಿಗ್ಗೆ, ವಿಜಯನಗರದ ಛತ್ರದ ಹೆಣ್ಣಿನ ಕೋಣೆಯಲ್ಲಿ. ಅಪ್ಪನ ಅಕ್ಕ, ನನ್ನ ಅತ್ತೆ, ಗಂಡನ ಮನೆಗೆ ಹೋಗುವ ನನ್ನ ಪೆಟ್ಟಿಗೆ ಜೋಡಿಸುತ್ತಿದ್ದಳು. ನನ್ನ ಮಾತ್ರೆಗಳನ್ನು ಹಾಳೆಯಿಂದ ಒಂದೊಂದಾಗಿ ಒತ್ತಿ ತೆಗೆದು, ಕ್ಯಾಲ್ಸಿಯಂ ಎಂದು ಬರೆದಿದ್ದ ಖಾಲಿ ಡಬ್ಬಿಗೆ ತುಂಬುತ್ತಿದ್ದಳು. "ಯಾರಾದ್ರೂ ಕೇಳಿದ್ರೆ ಮೂಳೆ ಮಾತ್ರೆ ಅನ್ನು" ಎಂದಳು.

"ಯಾಕೆ ಅತ್ತೆ? ಅವರಿಗೆ ಗೊತ್ತಲ್ಲ?"

ಅತ್ತೆ ಕೈಯಲ್ಲಿದ್ದ ಮಾತ್ರೆ ನೋಡಿದಳು, ನನ್ನ ಮುಖ ನೋಡಲಿಲ್ಲ. "ಅದೆಲ್ಲ ನಿಮ್ಮಪ್ಪನ್ನ ಕೇಳು."

ಅಪ್ಪನನ್ನು ಕರೆಸಿದೆ. ಅವರು ಬಾಗಿಲು ಹಾಕಿ, "ಆಮೇಲೆ ನಾನೇ ನಿಧಾನಕ್ಕೆ ಹೇಳ್ತೀನಿ. ಈಗ ಸುಮ್ನಿರು. ನಿಮ್ಮಮ್ಮಂಗೆ ಬಿಪಿ ಇದೆ" ಎಂದರು. ಆಮೇಲೆ ಎಂದರೆ ಯಾವಾಗ? ಆ ಮನೆಯಲ್ಲಿ ದಿನಾ ಬೆಳಿಗ್ಗೆ ಸುಳ್ಳು ಡಬ್ಬಿಯ ಮುಚ್ಚಳ ತೆಗೆಯಬೇಕು. ಎಂದೋ ಒಂದು ದಿನ ಅವರ ಅಡುಗೆಮನೆಯಲ್ಲಿ ಬಿದ್ದು ಒದ್ದಾಡಿ ಎದ್ದಾಗ ಸುತ್ತ ನಿಂತ ಮುಖಗಳನ್ನು ನೋಡಬೇಕು. ಹುಡುಗನಿಗೆ ನಾನೇ ಹೇಳೋಣವೆಂದರೆ ನನ್ನ ಫೋನ್ ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಕೇಳಿದರೆ "ಮದುಮಗಳಿಗೆ ಈಗ ಎಂಥ ಫೋನು" ಎಂದು ಬ್ಯಾಗನ್ನು ತೋಳಿಗೆ ಏರಿಸಿಕೊಂಡಳು. ಹೊರಗಿನಿಂದ ಹೆಣ್ಣನ್ನು ಕರೆತನ್ನಿ ಎಂದು ಪುರೋಹಿತರು ಕೂಗಿದರು.

ಮಂಟಪದಲ್ಲಿ ಅಂತರಪಟ ಹಿಡಿದಿದ್ದರು. ಆಚೆ ಹುಡುಗ, ಈಚೆ ನಾನು. ಅವನ ಪೇಟದ ತುದಿ, ಕೆಳಗೆ ಕಾಲಿನ ಬೆರಳು ಕಾಣುತ್ತಿದ್ದವು. ನನ್ನ ಅಂಗೈಯಲ್ಲಿ ಜೀರಿಗೆ ಬೆಲ್ಲ ಬೆವರಿಗೆ ಕರಗಿ ಅಂಟಾಗುತ್ತಿತ್ತು. ತೆರೆ ಸರಿದಾಗ ಅದನ್ನು ಅವನ ತಲೆಯ ಮೇಲೆ ಹಾಕಬೇಕು. ಮಂಗಳಾಷ್ಟಕ ಮುಗಿಯುತ್ತಾ ಬಂದಿತ್ತು. ವಾಲಗ ಮೆಲ್ಲಗೆ ನುಡಿಯುತ್ತಿತ್ತು. ಓನರ್ ಅಂಕಲ್ ತಮ್ಮ ಕಂಬದ ಪಕ್ಕದಿಂದ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಏನಮ್ಮಾ, ಏನಾದ್ರೂ ಹೇಳಬೇಕಾ?"

ಅವರ ಪಂಚೆಯಿಂದ ಕರ್ಪೂರದ ವಾಸನೆ ಬರುತ್ತಿತ್ತು. ತಲೆಯಾಡಿಸಿಬಿಟ್ಟರೆ ಎಲ್ಲಾ ಮುಗಿಯುತ್ತದೆ ಎಂದು ಅನ್ನಿಸಿತು.

"ಅವರಿಗೆ ಗೊತ್ತಿಲ್ಲ ಅಂಕಲ್. ಅಪ್ಪ ಹೇಳೇ ಇಲ್ಲ."

ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ನೀನು ಹೇಳ್ತೀಯಾ?"

"ಹ್ಞೂಂ."

ಅವರು ನೆಟ್ಟಗಾದರು. ಅಂಗೈ ಬಿಚ್ಚಿ ವಾಲಗದವರ ಕಡೆ ತೋರಿಸಿ, ಟ್ಯಾಂಕ್ ತುಂಬಿದಾಗ ಕೂಗುವ ಅದೇ ದನಿಯಲ್ಲಿ, "ವಾಲಗ ನಿಲ್ಸಿ" ಎಂದರು. ನಾದಸ್ವರ ಅರ್ಧಕ್ಕೇ ನಿಂತಿತು. ಊಟದ ಮನೆಯಲ್ಲಿ ಎಲೆ ಹಾಸುವ ಸದ್ದು ಕೇಳಿಸತೊಡಗಿತು.

ಅಪ್ಪ ಅವರ ತೋಳು ಹಿಡಿದರು. "ಸಾರ್, ಏನ್ ಮಾಡ್ತಿದೀರಾ? ಮುಹೂರ್ತ ಮೀರ್ತಾ ಇದೆ. ಕೂಗಿ."

"ಮಗು ಏನೋ ಮಾತಾಡ್ಬೇಕಂತೆ. ಮಾತಾಡ್ಲಿ, ಕೂಗ್ತೀನಿ."

"ನೀವು ಕೂಗ್ದಿದ್ರೆ ಬಿಡಿ, ನಾನೇ ಕೂಗ್ತೀನಿ" ಎಂದು ಅಪ್ಪ ವಾಲಗದವರ ಕಡೆ ತಿರುಗಿ, "ಗಟ್ಟಿಮೇಳ" ಎಂದು ಕೂಗಿಯೇಬಿಟ್ಟರು. ಡೋಲಿನವನು ಕೋಲೆತ್ತಿದ. ಎತ್ತಿದವನು ಅಭ್ಯಾಸದಂತೆ ಓನರ್ ಅಂಕಲ್ಲಿನ ಕೈ ನೋಡಿದ. ಆ ಸೊಟ್ಟ ಬೆರಳು ಮಡಿಚಿ ಮುಷ್ಟಿಯೊಳಗಿತ್ತು. ಕೋಲು ಹಾಗೇ ಕೆಳಗಿಳಿಯಿತು. ಅಪ್ಪ ಇನ್ನೊಮ್ಮೆ ಕೂಗಿದರು. ದನಿ ಒಡೆದು ಅರ್ಧಕ್ಕೇ ನಿಂತಿತು. ಓನರ್ ಅಂಕಲ್ ನನ್ನನ್ನೇ ನೋಡುತ್ತಿದ್ದರು.

ನಾನು ತೆರೆಗೆ ಮುಖಕೊಟ್ಟು ಹೇಳಿದೆ. "ನಂಗೆ ಫಿಟ್ಸ್ ಬರುತ್ತೆ. ದಿನಾ ಮಾತ್ರೆ ತಗೋತೀನಿ. ಇದು ನಿಮಗೆ ಗೊತ್ತಾ?"

ಆಚೆಯ ಕಾಲಿನ ಬೆರಳುಗಳು ಅಲುಗಲಿಲ್ಲ. "ಇಲ್ಲ" ಎಂದ. "ನಂಗೆ ಯಾರೂ ಹೇಳಿಲ್ಲ." ತೆರೆ ಹಿಡಿದಿದ್ದವರಿಗೆ ಬಿಡಬೇಕೋ ಹಿಡಿದಿರಬೇಕೋ ತಿಳಿಯಲಿಲ್ಲ.

ಅವನ ಕಡೆಯವರೆಲ್ಲ ಒಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಮುಹೂರ್ತ ಅಲ್ಲೇ ಕಳೆಯಿತು. ಕೊನೆಗೆ ಅವನೊಬ್ಬನೇ ಹೊರಗೆ ಬಂದು, "ಮೊದಲೇ ಗೊತ್ತಿದ್ದಿದ್ರೆ ನಾನು ಯೋಚನೆ ಮಾಡ್ತಿದ್ದೆ. ಈಗ ನಮ್ಮಮ್ಮನ್ನ ನೋಡಿದ್ರೆ ನಂಗೆ ಏನೂ ಹೇಳಕ್ಕಾಗ್ತಿಲ್ಲ. ಸಾರಿ" ಎಂದ. ಅವನ ಮೇಲೆ ನನಗೆ ಆಗಲೂ ಕೋಪ ಬರಲಿಲ್ಲ, ಈಗಲೂ ಇಲ್ಲ. ಅವರು ಹೊರಟುಹೋದರು. ಹಾಸಿದ ಎಲೆ ಹಾಸಿದಂತೆಯೇ ಇತ್ತು. ಅಮ್ಮ ನನ್ನ ಕೈ ಹಿಡಿದುಕೊಂಡು ಜೀರಿಗೆ ಬೆಲ್ಲವನ್ನು ತನ್ನ ಸೆರಗಿನಿಂದ ಒರೆಸುತ್ತಲೇ ಇದ್ದಳು.

ಅಪ್ಪ ಎಲ್ಲರೆದುರಿಗೆ ಓನರ್ ಅಂಕಲ್ಲಿಗೆ ಹೇಳಬಾರದ್ದನ್ನೆಲ್ಲ ಹೇಳಿದರು. "ಹೆಣ್ಣು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ" ಎಂದರು. ಅವರು ತಂಗಿಯ ಕಥೆ ಹೇಳಿಕೊಂಡು ಪಾರಾಗಬಹುದಿತ್ತು, ಹೇಳಲಿಲ್ಲ. ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು ಛತ್ರದ ಮೆಟ್ಟಿಲಿಳಿದು ಹೋದರು.

ಮನೆ ಖಾಲಿ ಮಾಡಿ ನಾವು ಕೆಂಗೇರಿ ಕಡೆ ಬಂದುಬಿಟ್ಟೆವು. ಅಪ್ಪ ಎಷ್ಟೋ ಕಾಲ ನನ್ನೊಂದಿಗೆ ಅಮ್ಮನ ಮೂಲಕವೇ ಮಾತಾಡಿದರು. ಆದರೆ ನಿಜವಾದ ಶಿಕ್ಷೆ ಆಗಿದ್ದು ಓನರ್ ಅಂಕಲ್ಲಿಗೆ. ಅವರನ್ನು ಮದುವೆಗಳಿಗೆ ಕರೆಯುತ್ತಿದ್ದರು, ಕೂಗುವುದಕ್ಕಲ್ಲ, ಊಟಕ್ಕೆ. "ಆಯಪ್ಪ ಮಂಟಪದ ಹತ್ರ ನಿಂತ್ರೆ ಮದುವೆನೇ ನಿಂತೋಗುತ್ತೆ" ಎಂದು ಬೀದಿಯಲ್ಲಿ ಮಾತಾಯಿತು. ಹಾವೇರಿ ಆಂಟಿಯ ಮಗನ ಮದುವೆಗೆ ನಾನೂ ಹೋಗಿದ್ದೆ. ಬೆಂಗಳೂರಿನ ಬೀಗರು, ಹಾಗಾಗಿ ಇಲ್ಲಿಯದೇ ಪದ್ಧತಿ. ಓನರ್ ಅಂಕಲ್ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮಂಟಪದಲ್ಲಿ ಯಾರೋ ಹುಡುಗ ಮೈಕಿನಲ್ಲಿ ಗಟ್ಟಿಮೇಳ ಎಂದ. ಇವರ ಬಲಗೈ ತೊಡೆಯಿಂದ ಒಂದಿಷ್ಟು ಮೇಲೆದ್ದಿತು. ಎಡಗೈ ಬಂದು ಅದನ್ನು ಹಿಡಿದು ಕೆಳಗೆ ಕೂರಿಸಿತು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಮಾತ್ರೆ ಸರಿಯಾಗಿ ತಗೋತಿದೀಯಾ?" ಎಂದು ಮಾತ್ರ ಕೇಳಿದರು.

ಹೋದ ವರ್ಷ ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಹೋದಾಗ ಗೇಟು ಹಾರು ಹೊಡೆದಿತ್ತು, ಬಂದವರು ಯಾರೂ ಚಿಲಕ ಹಾಕಿರಲಿಲ್ಲ. ನಾನು ಹಾಕಿ ಒಳಗೆ ಹೋದೆ. ಶಲ್ಯದ ಹೊರಗೆ ಆ ಬೆರಳು ಕಾಣುತ್ತಿತ್ತು. ಅದನ್ನು ಮುಟ್ಟಿದೆ. ಅಳುವುದಕ್ಕೆ ನನಗೆ ನಾಚಿಕೆಯೇನೂ ಆಗಲಿಲ್ಲ.

ಆದರೆ ಅವರನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಆ ಸಾವಿನ ದಿನವಲ್ಲ, ಅದಕ್ಕೂ ಕೆಲವು ವರ್ಷ ಮುಂಚಿನ ಒಂದು ಬೆಳಿಗ್ಗೆ.

ನಮ್ಮ ಶಾಲೆಯ ಪಿಟಿ ಮೇಷ್ಟ್ರು, ಈಗ ನನ್ನ ಗಂಡ, ಸ್ಟಾಫ್ ರೂಮಿನಲ್ಲಿ ನನಗೆ ಫಿಟ್ಸ್ ಬಂದಾಗ ಕುರ್ಚಿಗಳನ್ನೆಲ್ಲ ಸರಿಸಿ, ನನ್ನನ್ನು ಪಕ್ಕಕ್ಕೆ ಹೊರಳಿಸಿ, ಕೀ ಗೊಂಚಲು ತಂದವರಿಗೆ "ಅದನ್ನ ಜೇಬಲ್ಲಿಟ್ಕೊಳ್ಳಿ ಸಾರ್" ಎಂದವರು. ಅವರಿಗೆ ಹೇಳಬೇಕಾದ ಗುಟ್ಟು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮಾರೇನಹಳ್ಳಿಯ ಸಣ್ಣ ದೇವಸ್ಥಾನದಲ್ಲಿ ಮದುವೆ. ಒಂದು ನಾದಸ್ವರ, ಒಂದು ಡೋಲು, ಬೆರಳೆಣಿಕೆಯ ಜನ. ಓನರ್ ಅಂಕಲ್ಲನ್ನು ನಾನೇ ಮನೆಗೆ ಹೋಗಿ ಕರೆದಿದ್ದೆ. ಬಂದವರು ಎಲ್ಲರ ಹಿಂದೆ ನವಗ್ರಹದ ಪಕ್ಕ ನಿಂತಿದ್ದರು. ಅಪ್ಪ ಅವರತ್ತ ನೋಡಿರಲಿಲ್ಲ.

ತಾಳಿ ಕೈಗೆ ಬಂದಿತ್ತು. ಪುರೋಹಿತರು ವಾಲಗದವರ ಕಡೆ ತಿರುಗುವಷ್ಟರಲ್ಲಿ, "ಒಂದು ನಿಮಿಷ" ಎಂದೆ. ಎಲ್ಲರ ಮುಖ ಬಿಳಿಚಿತು. ಅಮ್ಮ ಗರ್ಭಗುಡಿಯ ಕಡೆ ತಿರುಗಿ ಕೈ ಮುಗಿದಳು. ಅವರ ಭಯ ನನಗೆ ಅರ್ಥವಾಯಿತು.

"ಓನರ್ ಅಂಕಲ್, ಇಲ್ಲಿ ಬನ್ನಿ."

ಅವರು ಕದಲಲಿಲ್ಲ. ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದರು, ತಲೆ ತಗ್ಗಿಸಿಕೊಂಡು. ಹಾಗೇ ಎದ್ದು, ಜಾಗ ಬಿಟ್ಟು ಗೋಡೆಯ ಕಡೆ ಸರಿದರು.

ಅವರು ಬಂದರು. ಪಂಚೆಯ ಅದೇ ಕರ್ಪೂರದ ವಾಸನೆ. ಕಷ್ಟಪಟ್ಟು ಸೊಂಟ ಬಗ್ಗಿಸಿ ನನ್ನ ಕಿವಿಯ ಹತ್ತಿರ ಕೇಳಿದರು.

"ಏನಾದ್ರೂ ಹೇಳಬೇಕಾಮ್ಮ?"

"ಏನೂ ಇಲ್ಲ ಅಂಕಲ್. ಕೂಗಿ."

ಬೆರಳು ಮೇಲೆದ್ದಿತು. ಗಾಳಿಯಲ್ಲಿ ಒಂದು ಸುತ್ತು ಬಂತು. ಬಾಯಿ ತೆರೆದರು, ದನಿ ಬರಲಿಲ್ಲ. ಮತ್ತೆ ತೆರೆದರು. ತುಟಿ ಅಲುಗಿತು, ಕಣ್ಣಿಂದ ನೀರಿಳಿಯಿತು, ಇಡೀ ಬಡಾವಣೆಯ ಮೋಟರ್ ಆರಿಸುತ್ತಿದ್ದ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಡೋಲಿನವನು ಹೊಸಬ, ಬೆರಳಿನ ಭಾಷೆ ಗೊತ್ತಿಲ್ಲದವನು, ಕೂಗಿಗೆ ಕಾಯುತ್ತಾ ಕೂತಿದ್ದ. ತಾಳಿ ಹಿಡಿದ ಕೈಗಳು ನನ್ನ ಕತ್ತಿನ ಹತ್ತಿರ ಕಾಯುತ್ತಿದ್ದವು.

ಅವರ ತಂಗಿಯ ತುಟಿ ಹೀಗೇ ಅಲುಗಿತ್ತೇನೋ. ನನಗೆ ತಡೆಯಲಾಗಲಿಲ್ಲ. ಮದುಮಗಳು ಹಾಗೆ ಮಾಡಿದ್ದನ್ನು ಆ ದೇವಸ್ಥಾನದಲ್ಲಿ ಯಾರೂ ಕಂಡಿರಲಾರರು. ಕತ್ತೆತ್ತಿ, ಅವರು ಕೂಗುತ್ತಿದ್ದ ಹಾಗೆಯೇ ಹೊಟ್ಟೆಯ ಆಳದಿಂದ, ನನ್ನ ಮದುವೆಗೆ ನಾನೇ ಕೂಗಿದೆ.

"ಗಟ್ಟಿಮೇಳ, ಗಟ್ಟಿಮೇಳ."